ಮಗುವನ್ನು ಕಳುಹಿಸಿಕೊಟ್ಟ ತಾಯಿ

ಒಂದನೆಯ ತರಗತಿಗೆ ಮಗುವನ್ನು ಬಿಡಲು ಬಂದ ತಾಯಿ ಬಾಗಿಲು ದಾಟುವ ಮುನ್ನ ಎರಡು ಸಲ ತಿರುಗಿ ನೋಡುವುದನ್ನು ಉಪಾಧ್ಯಾಯರಾದ ನಾವೆಲ್ಲ ಬಲ್ಲೆವು. ಸಂಜೆ ಮಗು ಮನೆ ಸೇರುವುದು ನಿಶ್ಚಯವಾದರೂ ಆಕೆಯ ಕರುಳು ಕೇಳದು. 1939ನೆಯ ಸೆಪ್ಟೆಂಬರ್ 1ರಂದು ಲಂಡನ್ನಿನ ತಾಯಂದಿರು, ಯಾರ ಮನೆಗೆ, ಎಷ್ಟು ಕಾಲಕ್ಕೆ ಎಂಬುದನ್ನರಿಯದೆಯೇ ಮಕ್ಕಳನ್ನು ರೈಲಿಗೆ ಕಳುಹಿಸಿಕೊಟ್ಟರು. ಬ್ರಿಟನ್ನು ಯುದ್ಧ ಸಾರಲು ಇನ್ನೂ ಎರಡು ದಿನವಿದ್ದಿತು. ಮಕ್ಕಳ ಮೈಮೇಲೆ ಹೆಸರಿನ ಚೀಟಿ; ಹೆಗಲಲ್ಲಿ ವಿಷಾನಿಲದಿಂದ ಕಾಯುವ ಮುಖವಾಡದ ಪೆಟ್ಟಿಗೆ. ಕೆಲವೇ ದಿನಗಳಲ್ಲಿ ಆ ದೇಶದ ನಗರಗಳಿಂದ ಸುಮಾರು 15 ಲಕ್ಷ ಜನ ಹಳ್ಳಿಗಳತ್ತ ಹೊರಟರು. ಅವರಲ್ಲಿ ಶಾಲೆಯ ಮಕ್ಕಳೇ ಹೆಚ್ಚು. ಸಾವಿರಾರು ಉಪಾಧ್ಯಾಯರು ತಮ್ಮ ಮನೆಯನ್ನು ಬಿಟ್ಟು ಅವರೊಡನೆ ನಡೆದರೆಂಬುದನ್ನು ನೆನೆದಾಗ ನಮ್ಮ ವೃತ್ತಿಯ ಬಗೆಗೆ ನಮಗೆ ಅಭಿಮಾನವುಂಟಾಗುತ್ತದೆ.

ಆದರೆ ತಿಂಗಳುಗಳು ಕಳೆದರೂ ಬಾಂಬು ಬೀಳಲಿಲ್ಲ. ಬರಿದಾದ ಮನೆಯನ್ನು ಸಹಿಸಲಾರದೆ ತಾಯಂದಿರು ಮಕ್ಕಳನ್ನು ಮರಳಿ ಕರೆಸಿಕೊಳ್ಳತೊಡಗಿದರು. 1940ರ ಜನವರಿಯ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹಿಂತಿರುಗಿದ್ದರು. ಅದೇ ವರ್ಷದ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಬಾಂಬಿನ ಮಳೆ ಮೊದಲಾಯಿತು. ಹಿತ್ತಿಲುಳ್ಳವರು ನೆಲವನ್ನಗೆದು, ಡೊಂಕು ತಗಡಿನ ಗೂಡನ್ನು ಹೂಳಿ, ಮೇಲೆ ಮಣ್ಣು ಹೊದಿಸಿ ಅದರೊಳಗೆ ರಾತ್ರಿ ಕಳೆದರು. ಹಲವರು ಭೂಗರ್ಭದ ರೈಲುನಿಲ್ದಾಣಗಳ ಕಟ್ಟೆಯ ಮೇಲೆ ಕಂಬಳಿ ಹಾಸಿ ಮಲಗಿದರು. 1941ರಲ್ಲಿ ಉಕ್ಕಿನ ಮೇಜೊಂದು ಮನೆಗಳಿಗೆ ಬಂದಿತು. ಹಗಲು ಅದರ ಮೇಲೆ ಊಟ, ರಾತ್ರಿ ಅದರ ಕೆಳಗೆ ನಿದ್ರೆ. ಆ ಮೇ ತಿಂಗಳವರೆಗೆ ದೇಶದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ನಾಗರಿಕರು ಮಡಿದರು.

ಹಾಗಾದರೆ ಮಗುವನ್ನು ಕರೆತಂದ ತಾಯಿ ತಪ್ಪಿತಸ್ಥಳೆ? ಹೌದೆನ್ನಲು ನಾಲಗೆ ಆತುರಪಡುತ್ತದೆ. ಆದರೆ ಸರಕಾರದ ಏರ್ಪಾಟಿನಂತೆ ಕೆನಡಾಕ್ಕೆ 90 ಮಕ್ಕಳನ್ನು ಒಯ್ಯುತ್ತಿದ್ದ ‘ಸಿಟಿ ಆಫ್ ಬೆನಾರಸ್’ ಹಡಗು 1940ರ ಸೆಪ್ಟೆಂಬರ್ 17ರಂದು ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಲುಕಿ ಮುಳುಗಿತು. ಅವರಲ್ಲಿ 77 ಮಕ್ಕಳು ಮಡಿದರು. ಅವರ ತಾಯಿತಂದೆಯರು ವಿವೇಕಿಗಳ ಮಾತಿನಂತೆಯೇ ನಡೆದಿದ್ದರು. ಆದ ಫಲವನ್ನು ಕಂಡು, ಮಾಡಿದ ನಿರ್ಧಾರವನ್ನು ತೂಗುವುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಗೃಹಗಳನ್ನು ನಡೆಸಿದ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಎಂಬವರು, ತಾಯಿಯ ಬಳಿಯಿರುವ ಮಗುವನ್ನು ಬಾಂಬಿನ ಸದ್ದು ಕಂಗೆಡಿಸುವುದಕ್ಕಿಂತ ತಾಯಿಯ ಅಗಲಿಕೆಯೇ ಮಗುವನ್ನು ಹೆಚ್ಚು ಕಂಗೆಡಿಸುತ್ತದೆಂದು ಕಂಡುಕೊಂಡರು. ಇದನ್ನೋದಿದ ಮೇಲೆ, ಕರೆತಂದವಳದು ಬರಿಯ ಸ್ವಾರ್ಥವೆಂದು ಹೇಗೆ ಹೇಳೋಣ? ಆದರೂ ಸತ್ತ ಮಗುವಿಗೆ ತಾಯಿಯ ಮಡಿಲಿನಿಂದೇನು ಎಂದು ಕೇಳುವವರಿಗೆ ಉತ್ತರವೀಯಲು ನಮ್ಮಿಂದಾಗದು.

ಕಳುಹಿಸಿ, ಕೊನೆಯವರೆಗೂ ಎದೆ ಗಟ್ಟಿಮಾಡಿಕೊಂಡಿದ್ದ ತಾಯಿಗೂ ಬಿಡುಗಡೆಯಿರಲಿಲ್ಲ. 1945ರಲ್ಲಿ ಮನೆಗೆ ಬಂದ ಎಳೆಯರಲ್ಲಿ ಕೆಲವರು ಹೆತ್ತವಳ ಗುರುತೇ ಹತ್ತದೆ, ಹಳ್ಳಿಯಲ್ಲಿ ತಮ್ಮನ್ನು ಸಾಕಿದಾಕೆಗಾಗಿ ಅತ್ತರು.