ಕೆಮ್ಮುವವರ ನಿದ್ದೆ, ಕೇಳುವವರ ನಿದ್ದೆ

ನಡುರಾತ್ರಿ ಮಗುವನ್ನು ಎಬ್ಬಿಸಿ ಕೆಮ್ಮಿನ ಔಷಧಿ ಕುಡಿಸುವಾಗ ಅದನ್ನು ಯಾರ ನಿದ್ದೆಗಾಗಿ ಕುಡಿಸುತ್ತೇವೆ? ಔಷಧಿಯ ಸುರಕ್ಷತೆ ವೈದ್ಯರಿಗೆ ಬಿಟ್ಟ ಮಾತು ಎಂದುಕೊಂಡಿದ್ದೇವೆ. ಆದರೆ ಯಾರ ನಿದ್ದೆಗಾಗಿ ಎಂಬುದಕ್ಕಿಂತ ಮೊದಲು ಕೇಳಬೇಕಾದ ಧರ್ಮಪ್ರಶ್ನೆ ಬೇರೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಗೋವಾದ ವಾಸ್ಕೊ, ಬೈನಾ, ಝುವಾರಿನಗರಗಳಲ್ಲಿ ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಕನ್ನಡ ಕುಟುಂಬಗಳು ಬಹಳ. ಎಷ್ಟೋ ಮನೆಗಳೆಂದರೆ ಒಂದೇ ಕೋಣೆ. ಮುರಗಾಂವ್ ಬಂದರಿನ ಕಲ್ಲಿದ್ದಲ ಧೂಳು ಕಿಟಕಿಯ ಅಂಚಿನಲ್ಲಿ ಕಪ್ಪಗೆ ಕೂರುತ್ತದೆ ಎಂಬುದು ವಾಸ್ಕೊದವರ ಹಳೆಯ ದೂರು. ಮಳೆಗಾಲದ ನಾಲ್ಕು ತಿಂಗಳು ಗೋಡೆ ಒದ್ದೆ, ಹಾಸಿಗೆ ತಂಪು. ಅಂಥ ಕೋಣೆಯಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರೂ ಎದ್ದು ಕೂರುತ್ತಾರೆ, ಬೆಳಗಾದರೆ ಕೂಲಿಗೆ ಹೋಗಲೇಬೇಕು. ಅಲ್ಲಿ ಸಿರಪ್ಪಿನ ಬಾಟಲಿಗೆ ಕೈ ಹೋಗುವುದರಲ್ಲಿ ಆಶ್ಚರ್ಯವೇನಿಲ್ಲ. ಆ ಕೈ ಹೋದದ್ದು ಕೆಮ್ಮುವವರ ಸಂಕಟಕ್ಕೋ, ಕೇಳುವವರ ಸಂಕಟಕ್ಕೋ ಎಂಬುದರ ಮೇಲೆ ಆ ಕ್ರಿಯೆಯ ನ್ಯಾಯ ನಿಂತಿದೆ ಎಂಬುದು ನನ್ನ ವಾದ.

ಕೆಮ್ಮು ರೋಗವಲ್ಲ, ಶ್ವಾಸನಾಳ ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆ. ಮಲಗಿದಾಗ ಮೂಗಿನ ಸಿಂಬಳ ಗಂಟಲಿಗೆ ಇಳಿಯುತ್ತದೆ, ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ, ಅಸ್ತಮಾ ಇರುವವರಿಗೆ ಎದೆ ಬಿಗಿಯುತ್ತದೆ. ಆದ್ದರಿಂದಲೇ ಇದು ರಾತ್ರಿಯಲ್ಲಿ ಹೆಚ್ಚು. ರಕ್ತದೊತ್ತಡಕ್ಕೆ ನುಂಗುವ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳಿಂದಲೂ ಒಣಕೆಮ್ಮು ಬರುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಬೇಕು. ಇಷ್ಟೆಲ್ಲ ಕಾರಣಗಳಿರುವಾಗ ಸದ್ದನ್ನಷ್ಟೇ ಅಡಗಿಸಿದರೆ ಕಾರಣವೂ ಅದರೊಡನೆ ಮರೆಯಾಗುತ್ತದೆ. ಅಡಗಿಸುವ ಔಷಧಿಯೇನೂ ಸಾಧಾರಣದ್ದಲ್ಲ. ಅಂಥದ್ದೊಂದಾದ ಕೊಡೀನ್ ಅಫೀಮಿನ ವಂಶದ್ದು. ಪಿತ್ತಜನಕಾಂಗ ಕೊಡೀನನ್ನು ಮಾರ್ಫೀನಾಗಿ ಮಾರ್ಪಡಿಸುತ್ತದೆ. ಈ ಮಾರ್ಪಾಡಿನ ವೇಗ ದೇಹದಿಂದ ದೇಹಕ್ಕೆ ಬೇರೆ, ಕೆಲವರಲ್ಲಿ ಅದೇ ಪ್ರಮಾಣ ಉಸಿರನ್ನೇ ಕುಗ್ಗಿಸಬಲ್ಲದು. ಅದಕ್ಕೇ ಯುರೋಪ್ 2015ರಲ್ಲಿ 12 ವರ್ಷದೊಳಗಿನವರಿಗೂ ಅಮೆರಿಕ 2018ರಲ್ಲಿ 18ರೊಳಗಿನವರಿಗೂ ಕೆಮ್ಮಿಗೆ ಕೊಡೀನ್ ಬೇಡವೆಂದವು.

ಗೋವಾದ ಚರ್ಚುಗಳಿಗೆ ಪರಿಚಿತವಾದ ಒಂದು ತರ್ಕ ಇಲ್ಲಿ ನೆರವಿಗೆ ಬರುತ್ತದೆ. ಒಂದು ಕ್ರಿಯೆಗೆ ಒಳ್ಳೆಯದೂ ಕೆಟ್ಟದ್ದೂ ಎರಡು ಫಲಗಳಿದ್ದರೆ, ಬಯಸಿದ್ದು ಒಳ್ಳೆಯದನ್ನೇ ಆಗಿರಬೇಕು, ಕೆಟ್ಟದ್ದು ಒಳ್ಳೆಯದಕ್ಕೆ ಸಾಧನವಾಗಿರಬಾರದು, ಎರಡರ ನಡುವೆ ಹದವಿರಬೇಕು. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಆಡಿದ ಮಾತಿನಿಂದ ಬೆಳೆದ ಈ ವಿಚಾರವನ್ನು ಪೋಪ್ 12ನೆಯ ಪಯಸ್ 1957ರಲ್ಲಿ ಅರಿವಳಿಕೆ ತಜ್ಞರ ಮುಂದೆ ನೋವುಶಾಮಕಗಳಿಗೆ ಅನ್ವಯಿಸಿದರು: ನೋವು ತಣಿಸುವುದೇ ಗುರಿಯಾಗಿದ್ದರೆ ಮಂಪರು ತರುವ ಔಷಧಿಯೂ ಸಲ್ಲುತ್ತದೆ. ಈ ಅಳತೆಗೋಲನ್ನು ಕೆಮ್ಮಿನ ಸಿರಪ್ಪಿಗೆ ಹಿಡಿದು ನೋಡಿ. ಒಣಕೆಮ್ಮಿನಿಂದ ಪಕ್ಕೆಲುಬು ನೋಯುತ್ತಿರುವ ದೊಡ್ಡವರಿಗೆ ಕೆಮ್ಮು ತಗ್ಗಲೆಂದು ಕೊಟ್ಟಾಗ ಮಂಪರು ಅಡ್ಡ ಪರಿಣಾಮ. ಮಗು ಸುಮ್ಮನಾಗಲಿ ಎಂದು ಮಂಪರು ತರುವ ಕ್ಲೋರ್‌ಫೆನಿರಮಿನ್ ಇರುವ ಸಿರಪ್ ಕುಡಿಸಿದಾಗ ಮಂಪರೇ ಸಾಧನ, ಮಂಪರೇ ಗುರಿ. ಬಾಟಲಿ ಅದೇ, ಐದು ಮಿಲಿಲೀಟರೂ ಅದೇ, ಆದರೆ ನಡೆದ ಕೆಲಸ ಬೇರೆ.

ತಾಯಿಯ ನಿದ್ದೆಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಬೆಲೆಯಿದೆ. ಹತ್ತು ತಾಸು ಇಟ್ಟಿಗೆ ಹೊತ್ತವಳ ಆಯಾಸವನ್ನು ಸ್ವಾರ್ಥವೆಂದು ಕರೆಯುವ ನೀತಿ ನನಗೆ ಬೇಡ. ಆದರೆ ಒಬ್ಬರ ಅಗತ್ಯ ಎಷ್ಟೇ ನಿಜವಾಗಿದ್ದರೂ ಅದು ಇನ್ನೊಬ್ಬರ ದೇಹದ ಮೇಲೆ ಹಕ್ಕು ಕೊಡುವುದಿಲ್ಲ, ಅದೂ ಬೇಡ ಎನ್ನಲಾರದ ಮಗುವಿನ ಮೇಲೆ. ಇನ್ನೂ ಕಠಿಣವಾದ ಪ್ರಶ್ನೆ ಮಧ್ಯಪ್ರದೇಶದ ಛಿಂದ್ವಾಡದಿಂದ ಬರುತ್ತದೆ. 2025ರಲ್ಲಿ ಅಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಕೋಲ್ಡ್‌ರಿಫ್ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ತುಂಬಿತ್ತು. ಎಷ್ಟೋ ಹೆತ್ತವರು ಡಾಕ್ಟರ ಚೀಟಿಯ ಪ್ರಕಾರವೇ ಕುಡಿಸಿದ್ದರು. ಅವರ ಉದ್ದೇಶದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಹಾಗಾದರೆ ಉದ್ದೇಶದ ಮಾತಾಡಿ ಏನು ಫಲ? ಆ ಸಾವುಗಳ ಹೊಣೆ ತಯಾರಿಸಿದವರದು, ಪರೀಕ್ಷಿಸದೆ ಬಿಟ್ಟ ವ್ಯವಸ್ಥೆಯದು. ಅದನ್ನು ತಾಯಂದಿರ ತಲೆಗೆ ಕಟ್ಟುವುದು ಕ್ರೌರ್ಯ. ಆದರೂ ಹದದ ಪ್ರಶ್ನೆ ಉಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಸಿರಪ್ ಬೇಡ, ಐದರವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದೇ ವರ್ಷದ ಅಕ್ಟೋಬರಿನಲ್ಲಿ ಹೇಳಿತು. ಪ್ರಯೋಜನ ಅಲ್ಪವಿರುವ ಕಡೆ ಸಣ್ಣ ಅಪಾಯವೂ ದೊಡ್ಡದು.

ಪ್ರಯೋಜನ ಎಷ್ಟು ಅಲ್ಪ ಎಂಬುದು ತಿಳಿಯದ ಸಂಗತಿಯೇನಲ್ಲ. ಫ್ರೀಸ್ಟೋನ್ ಮತ್ತು ಎಕಲ್ಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಗಡಿಯ ಕೆಮ್ಮಿಗೆ 50 ಮಿಲಿಗ್ರಾಂ ಕೊಡೀನ್ ಹುಸಿಮದ್ದಿಗಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಕೆಮ್ಮು ಎರಡರಿಂದಲೂ ಇಳಿಯಿತು. ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ ಹೆಂಗಸೊಬ್ಬಳ ಮೇಲೆ ಕೈ ಚಾಚಿ ನಿಂತ ಕಂಚಿನ ಪಾದ್ರಿಯನ್ನು ನೋಡಿದವರಿಗೆ ಇದು ಹೊಸತೆನ್ನಿಸದು. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದ ಆ ಪಾದ್ರಿ ಅಬ್ಬೆ ಫಾರಿಯಾ, ಸಮ್ಮೋಹನದ ನಿದ್ದೆ ತರುವ ಶಕ್ತಿ ಮಾಡಿಸುವವನ ಕೈಯಿಂದ ಹರಿಯುವ ಯಾವುದೋ ದ್ರವ್ಯದಲ್ಲಿಲ್ಲ, ನಿದ್ದೆ ಹೋಗುವವನ ಮನಸ್ಸಿನಲ್ಲೇ ಇದೆ ಎಂದು 1819ರ ತನ್ನ ಪುಸ್ತಕದಲ್ಲಿ ವಾದಿಸಿದ. ಹಾಗಿದ್ದರೆ ನಂಬಿಕೆಗಾದರೂ ಸಿರಪ್ ಇರಲಿ ಎನ್ನುವವರಿದ್ದಾರೆ. ನಂಬಿಕೆಗೆ ಅಫೀಮು ಬೇಕಿಲ್ಲ. ಪೆನ್ಸಿಲ್ವೇನಿಯಾದ 2007ರ ಅಧ್ಯಯನದಲ್ಲಿ ಮಲಗುವ ಮುನ್ನ ಕೊಟ್ಟ ಜೇನಿಗೆ ಮಕ್ಕಳ ಹೆತ್ತವರು ಒಳ್ಳೆಯ ಅಂಕವನ್ನೇ ಕೊಟ್ಟರು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು.

ಇದನ್ನು ಕೇಳಿ ಔಷಧಿಯೇ ಬೇಡ, ಸಹಿಸುವುದೇ ಪುಣ್ಯ ಎಂಬಲ್ಲಿಗೆ ಹೋಗುವುದೂ ತಪ್ಪು. ಗೀತೆಯ ಆರನೆಯ ಅಧ್ಯಾಯವೂ ನಿದ್ದೆಗೆಟ್ಟವನಿಗೆ ಯೋಗ ಒಲಿಯದೆನ್ನುತ್ತದೆ. ಕಾರಣ ಹುಡುಕಿ, ಆ ದೇಹ ನೋಡಿ ಡಾಕ್ಟರು ಬರೆದ ಔಷಧಿಯನ್ನು ಕುಡಿಯಲೇಬೇಕು, ಆದರೆ ಬರೆದ ಹಾಗೆ: ಅಡುಗೆಮನೆಯ ಚಮಚದಲ್ಲಲ್ಲ, ಗೆರೆಯಿರುವ ಮುಚ್ಚಳದಲ್ಲಿ, ಹೊತ್ತಿಗೆ ಮುಂಚೆ ಮತ್ತೊಂದು ಸಲವಲ್ಲ, ಪಕ್ಕದ ಮನೆಯ ಉಳಿದ ಬಾಟಲಿಯಿಂದಲ್ಲ. ಗೋವಾದಲ್ಲಿ ಒತ್ತಿ ಹೇಳಬೇಕಾದದ್ದು ಮದ್ಯದ ವಿಷಯ. ಸಂಜೆ ಫೆಣಿ ಕುಡಿದವರು ರಾತ್ರಿ ಕೊಡೀನ್ ಕುಡಿದರೆ, ಅಥವಾ ನಿದ್ದೆ ಮಾತ್ರೆಯ ಜೊತೆ ಕುಡಿದರೆ, ಉಸಿರು ನಿಲ್ಲುವವರೆಗೂ ಹೋಗಬಹುದು. ಕೊಡೀನ್ ಎಚ್1 ಪಟ್ಟಿಯಲ್ಲಿದೆ. ಮೆಡಿಕಲ್ ಅಂಗಡಿಯವರು ಚೀಟಿ ನೋಡಿ, ರೋಗಿಯ ಹೆಸರು ಬರೆದು, ಆ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿಯಿಲ್ಲದೆ ಕೊಡುವುದಿಲ್ಲ ಎಂದರೆ ಅವರ ಮೇಲೆ ರೇಗಬೇಡಿ. ಕುಡಿದವರ ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ, ಅಲುಗಿಸಿದರೂ ಏಳದಿದ್ದರೆ ಅದು ಒಳ್ಳೆಯ ನಿದ್ದೆಯಲ್ಲ, ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು.