ಮನೆಯೊಳಗಿನ ತಾತ್ಸಾರ, ಹೊರನಾಡಿನ ರೋಷ

ಒಂದು ದೇಶದ ಜನ ತಮ್ಮ ಮನೆಯೊಳಗೆ ಕೆಲವರನ್ನು ಹುಟ್ಟಿನ ಕಾರಣದಿಂದ, ಮೈಬಣ್ಣದ ಕಾರಣದಿಂದ ಕೀಳಾಗಿ ಕಂಡರೆ ಅದರ ಫಲ ಆ ದೇಶದ ಗಡಿಯೊಳಗೇ ಉಳಿಯುವುದೆ? ಅಥವಾ ಅದು ಸಮುದ್ರ ದಾಟಿ ಪರರ ಮನಸ್ಸಿನಲ್ಲಿ ಆ ದೇಶದ ಬಗೆಗೆ ರೋಷವಾಗಿ ಬೆಳೆಯುವುದೆ? ಈ ಪ್ರಶ್ನೆಯನ್ನು ರಾಯಭಾರ ಕಚೇರಿಗಳ ವಿಷಯವೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಅದರ ಬೇರು ನೀತಿಯ ನೆಲದಲ್ಲಿದೆ. ಮನೆಯ ಜಗುಲಿಯ ಮೇಲೆ ನಾವು ಆಡುವ ಮಾತಿಗೂ ಪರದೇಶದ ಬೀದಿಯಲ್ಲಿ ನಮ್ಮವನ ಅಂಗಡಿಗೆ ಬೀಳುವ ಕಲ್ಲಿಗೂ ಸಂಬಂಧವಿದೆಯೆ ಎಂಬುದನ್ನು ಗೃಹಸ್ಥರಾದವರು ವಿಚಾರಿಸಬೇಕಾಗಿದೆ.

ಈ ವಿಚಾರಕ್ಕೆ ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಅಂದು ಆ ದೇಶ ತನ್ನನ್ನು ಜಗತ್ತಿನ ಸ್ವಾತಂತ್ರ್ಯದ ಕಾವಲುಗಾರನೆಂದು ಕರೆದುಕೊಳ್ಳುತ್ತಿತ್ತು. ಅದೇ ಕಾಲದಲ್ಲಿ ಅದರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರಿಗೆ ಶಾಲೆ ಬೇರೆ, ಬಸ್ಸಿನ ಆಸನ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. 1957ರ ಅಕ್ಟೋಬರಿನಲ್ಲಿ ಘಾನಾ ದೇಶದ ಹಣಕಾಸು ಸಚಿವರಾಗಿದ್ದ ಕೊಮ್ಲಾ ಗ್ಬೆಡೆಮಾ ಅವರು ಡೆಲವೇರ್ ರಾಜ್ಯದ ಡೋವರ್ ಎಂಬಲ್ಲಿ ದಾರಿಬದಿಯ ಹೋಟೆಲೊಂದಕ್ಕೆ ಹೋಗಿ ಕಿತ್ತಳೆ ರಸ ಕೇಳಿದರು. ಕಪ್ಪುಜನ ಒಳಗೆ ಕುಳಿತು ಕುಡಿಯುವಂತಿಲ್ಲ ಎಂಬ ಉತ್ತರ ಬಂತು. ಘಾನಾ ಸ್ವತಂತ್ರವಾಗಿ ಆಗ ಏಳು ತಿಂಗಳು ಆಗಿತ್ತಷ್ಟೆ. ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಅವರಿಗೆ ಆ ವರ್ಷ ಘಾನಾದಲ್ಲಿ ಆತಿಥ್ಯ ನೀಡಿದ್ದವರು ಇದೇ ಸಚಿವರು. ಸುದ್ದಿ ಹರಡಿದ ಕೂಡಲೇ ಅಧ್ಯಕ್ಷ ಐಸೆನ್‌ಹೋವರ್ ಅವರು ಅವರನ್ನು ಶ್ವೇತಭವನಕ್ಕೆ ಬೆಳಗಿನ ಉಪಾಹಾರಕ್ಕೆ ಕರೆದರು.

ಎರಡು ವರ್ಷ ಮೊದಲು, 1955ರ ಆಗಸ್ಟಿನಲ್ಲಿ, ನಮ್ಮ ರಾಯಭಾರಿಯಾಗಿದ್ದ ಗಗನವಿಹಾರಿ ಮೆಹತಾ ಅವರಿಗೂ ಟೆಕ್ಸಾಸಿನ ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ಇದೇ ಬಗೆಯ ಅನುಭವವಾಗಿತ್ತು. ಬಿಳಿಯರ ಊಟದ ಕೋಣೆಯಿಂದ ಎದ್ದು ಬೇರೆ ಕೋಣೆಗೆ ಹೋಗಬೇಕೆಂದು ಅವರಿಗೆ ಸೂಚಿಸಲಾಯಿತು. ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಕ್ಷಮೆ ಕೋರಿದರು.

ಇಂತಹ ಪ್ರಸಂಗಗಳಿಂದ ನಿಜವಾಗಿಯೂ ರೋಷ ಹುಟ್ಟಿತೆ ಎಂದು ಕೇಳುವವರುಂಟು. ದೇಶದೇಶಗಳ ನಡುವಣ ವೈಮನಸ್ಯಕ್ಕೆ ವ್ಯಾಪಾರ, ಸೈನ್ಯ, ನೆಲ ಮುಂತಾದ ಗಟ್ಟಿ ಕಾರಣಗಳಿರುತ್ತವೆ, ತಾತ್ಸಾರದ ಕಥೆಗಳು ವಿರೋಧಿಗಳ ಪ್ರಚಾರಕ್ಕೆ ಒದಗುವ ಸರಕು ಮಾತ್ರ ಎಂಬುದು ಅವರ ವಾದ. ಇದರಲ್ಲಿ ತಥ್ಯವಿಲ್ಲವೆಂದಲ್ಲ. ಸೋವಿಯತ್ ಪತ್ರಿಕೆಗಳು ಅಮೆರಿಕದ ವರ್ಣದ್ವೇಷದ ಸುದ್ದಿಯನ್ನು ಬಿಡದೆ ಅಚ್ಚುಮಾಡುತ್ತಿದ್ದುದು ಕರುಣೆಯಿಂದಲ್ಲ. ಆದರೆ ಅವರು ಸುಳ್ಳನ್ನು ಹೊಸೆಯಬೇಕಾದ ಅಗತ್ಯವೇ ಬೀಳಲಿಲ್ಲ ಎಂಬುದನ್ನೂ ಗಮನಿಸಬೇಕು. ಅಮೆರಿಕದ ಸರ್ಕಾರವೇ ಇದನ್ನು ಒಪ್ಪಿಕೊಂಡಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂಬ ಬ್ರೌನ್ ಮೊಕದ್ದಮೆಯಲ್ಲಿ 1952ರ ಡಿಸೆಂಬರಿನಲ್ಲಿ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ನಿವೇದನೆಯೊಳಗೆ ವಿದೇಶಾಂಗ ಕಾರ್ಯದರ್ಶಿ ಅಚೆಸನ್ ಅವರ ಪತ್ರದ ಮಾತುಗಳಿದ್ದವು: ಮನೆಯೊಳಗಿನ ಭೇದಭಾವ ಹೊರದೇಶಗಳೊಡನೆ ನಮ್ಮ ಸಂಬಂಧವನ್ನು ಕೆಡಿಸುತ್ತಿದೆ ಎಂಬುದು ಅದರ ತಾತ್ಪರ್ಯ. 1954ರ ಮೇ 17ರಂದು ತೀರ್ಪು ಹೊರಬಿದ್ದ ಒಂದು ಗಂಟೆಯೊಳಗೆ ಅಮೆರಿಕದ ಸರ್ಕಾರಿ ರೇಡಿಯೋ 34 ಭಾಷೆಗಳಲ್ಲಿ ಅದನ್ನು ಲೋಕಕ್ಕೆ ಸಾರಿತು. ತೀರ್ಪಿನ ಪ್ರಯೋಜನ ಪಡೆಯಬೇಕಾದ ಮಕ್ಕಳು ಬಿಳಿಯರ ಶಾಲೆಯ ಬಾಗಿಲು ದಾಟಲು ಮಾತ್ರ ಎಷ್ಟೋ ಕಡೆ ಹತ್ತು ವರ್ಷಗಳೇ ಹಿಡಿದವು.

ಗಟ್ಟಿ ಲಾಭನಷ್ಟವಿಲ್ಲದೆ ಅವಮಾನವೊಂದೇ ರೋಷಕ್ಕೆ ಸಾಕೆಂಬುದಕ್ಕೆ ಇನ್ನೂ ಹಳೆಯದೊಂದು ಉದಾಹರಣೆಯಿದೆ. 1924ರಲ್ಲಿ ಅಮೆರಿಕ ವಲಸೆಗೆ ದೇಶವಾರು ಮಿತಿ ಹಾಕುವ ಕಾನೂನು ಮಾಡಿತು. ಉಳಿದ ದೇಶಗಳ ಲೆಕ್ಕವನ್ನೇ ಜಪಾನಿಗೂ ಅನ್ವಯಿಸಿದ್ದರೆ ವರ್ಷಕ್ಕೆ 146 ಮಂದಿ ಬರಬಹುದಾಗಿತ್ತು. ಆ 146 ಮಂದಿಯಿಂದ ಅಷ್ಟು ದೊಡ್ಡ ದೇಶಕ್ಕೆ ಯಾವ ಭಾರವೂ ಇರಲಿಲ್ಲ. ಆದರೂ ಪೌರತ್ವಕ್ಕೆ ಅರ್ಹರಲ್ಲದ ಜನಾಂಗದವರೆಂದು ಜಪಾನೀಯರನ್ನು ಪೂರ್ತಿಯಾಗಿ ಹೊರಗಿಟ್ಟರು. ಕ್ಯಾಲಿಫೋರ್ನಿಯದಲ್ಲಿ ಬಹುಕಾಲದಿಂದ ಬೆಳೆದಿದ್ದ ಅಸಹನೆಗೆ ಹೀಗೆ ಕಾನೂನಿನ ಮುದ್ರೆ ಬಿತ್ತು. ಜಪಾನಿನಲ್ಲಿ ಪ್ರತಿಭಟನೆಗಳಾದವು, ಅಮೆರಿಕವನ್ನು ಮೆಚ್ಚುತ್ತಿದ್ದ ಉದಾರವಾದಿಗಳು ತಮ್ಮವರ ಮುಂದೆ ತಲೆ ಎತ್ತದಂತಾದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಚಕ್ರವರ್ತಿ ಹಿರೋಹಿತೊ ತಮ್ಮ ಹತ್ತಿರದವರಿಗೆ ಯುದ್ಧದ ಹಿನ್ನೆಲೆಯನ್ನು ಹೇಳುತ್ತ 1919ರಲ್ಲಿ ಜನಾಂಗ ಸಮಾನತೆಯ ಪ್ರಸ್ತಾವ ತಿರಸ್ಕೃತವಾದುದನ್ನೂ ಕ್ಯಾಲಿಫೋರ್ನಿಯದ ವಲಸೆ ನಿಷೇಧವನ್ನೂ ಹೆಸರಿಸಿದರು. ಜಪಾನಿನ ಆಕ್ರಮಣಗಳಿಗೆ ಇದರಿಂದ ಸಮರ್ಥನೆ ದೊರೆಯುವುದಿಲ್ಲ. ಚೀನದ ಮತ್ತು ಕೊರಿಯದ ಜನ ಅವರಿಗೆ ಯಾವ ಅವಮಾನವನ್ನೂ ಮಾಡಿರಲಿಲ್ಲ. ಆದರೂ ಅವಮಾನವನ್ನು ಜನ ಎಷ್ಟು ಕಾಲ ನೆನಪಿಟ್ಟುಕೊಳ್ಳುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಅವಮಾನಿತನು ದ್ವೇಷಿಯಾಗಲೇಬೇಕೆಂಬ ನಿಯಮವೂ ಇಲ್ಲ. ಘಾನಾದ ಮೊದಲ ನಾಯಕರಾದ ಎನ್‌ಕ್ರುಮಾ ಅವರು ವಿದ್ಯಾರ್ಥಿಯಾಗಿ ಅಮೆರಿಕದಲ್ಲಿದ್ದಾಗ ಬಾಲ್ಟಿಮೋರಿನ ಬಸ್ ನಿಲ್ದಾಣದಲ್ಲಿ ಕುಡಿಯಲು ನೀರು ಕೇಳಿದರಂತೆ. ಪರಿಚಾರಕನು ಹೊರಗಿದ್ದ ಉಗುಳುವ ಪಾತ್ರೆಯನ್ನು ತೋರಿಸಿದ. ಈ ಸಂಗತಿಯನ್ನು ಆತ್ಮಕಥೆಯಲ್ಲಿ ಬರೆದ ಅವರೇ ತಮಗೆ ಆ ದೇಶದಲ್ಲಿ ದೊರೆತ ವಿದ್ಯೆ, ಸ್ನೇಹಗಳನ್ನೂ ಬರೆದಿದ್ದಾರೆ. ಮನುಷ್ಯನಿಗೆ ವಿವೇಚನೆಯಿದೆ, ಒಬ್ಬನ ತಪ್ಪನ್ನು ಇಡೀ ದೇಶದ ತಲೆಗೆ ಕಟ್ಟದಿರಲು ಅವನು ಶಕ್ತ. ಆದರೆ ಅವಮಾನಿಸಿದವನು ಈ ವಿವೇಚನೆಯನ್ನು ತನ್ನ ಹಕ್ಕೆಂಬಂತೆ ನಿರೀಕ್ಷಿಸುವುದು ಎಷ್ಟು ಸರಿ?

ಇನ್ನು ಮೇರಿಲ್ಯಾಂಡ್ ರಾಜ್ಯದ 40ನೆಯ ಸಂಖ್ಯೆಯ ಹೆದ್ದಾರಿಯ ಕಥೆಗೆ ಬರೋಣ. ಈ ಚರ್ಚೆಯ ತಿರುಳು ಅಲ್ಲಿದೆ. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅವುಗಳ ರಾಯಭಾರಿಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಗೂ ರಾಜಧಾನಿ ವಾಷಿಂಗ್ಟನ್ನಿಗೂ ಕಾರಿನಲ್ಲಿ ಓಡಾಡುವ ದಾರಿ ಅದು. 1961ರ ಜೂನಿನಲ್ಲಿ ಚಾಡ್ ದೇಶದ ರಾಯಭಾರಿ ಆಡಂ ಮಲಿಕ್ ಸೌ ಅವರು ಆ ಹೆದ್ದಾರಿಯ ಹೋಟೆಲೊಂದರಲ್ಲಿ ಕಾಫಿ ಕೇಳಿದಾಗ ಅವರನ್ನು ಹೊರಗೆ ಕಳುಹಿಸಿದರು. ಸುದ್ದಿ ಅಧ್ಯಕ್ಷ ಕೆನಡಿಯವರ ತನಕ ಹೋಯಿತು. ರಾಯಭಾರಿಗಳಿಗೆ ವಿಮಾನದಲ್ಲಿ ಹೋಗಲು ಹೇಳಬಾರದೆ ಎಂದು ಅವರು ಮೊದಲು ಸಿಡಿಮಿಡಿಗೊಂಡರೆಂದು ಅವರ ಜೊತೆ ಕೆಲಸಮಾಡಿದ ಹ್ಯಾರಿಸ್ ವಾಫರ್ಡ್ ನೆನಪಿಸಿಕೊಂಡಿದ್ದಾರೆ. ಆಮೇಲೆ ವಿದೇಶಾಂಗ ಇಲಾಖೆ ಪೆಡ್ರೊ ಸಾನ್‌ಹ್ವಾನ್ ಎಂಬ ಅಧಿಕಾರಿಯ ಮೂಲಕ ಹೋಟೆಲುಗಳವರ ಮನವೊಲಿಸಲು ಯತ್ನಿಸಿತು.

ಆ ಹೋಟೆಲಿನ ಹೆಂಗಸು ಪತ್ರಿಕೆಯವರಿಗೆ ಕೊಟ್ಟ ಸಮಜಾಯಿಷಿ ಪ್ರಸಿದ್ಧವಾಗಿದೆ. ಬಂದವನು ರಾಯಭಾರಿಯೆಂದು ನನಗೆ ಹೇಗೆ ಗೊತ್ತಾಗಬೇಕು, ನನ್ನ ಕಣ್ಣಿಗೆ ಆತ ಒಬ್ಬ ಸಾಮಾನ್ಯ ಕರಿಯನಂತೆ ಕಂಡ ಎಂಬ ಅರ್ಥದ ಮಾತು ಅದು. ಅವಳು ಆಡಿದ ಪದ ಇದಕ್ಕಿಂತ ಹೀನವಾದದ್ದು. ಈ ಮಾತನ್ನು ತುಸು ನಿಂತು ಪರಿಶೀಲಿಸಬೇಕು. ಅವಳು ಕ್ಷಮೆ ಕೇಳಲು ಸಿದ್ಧಳಿದ್ದುದು ರಾಯಭಾರಿಯಲ್ಲಿ ಮಾತ್ರ. ಸಾಮಾನ್ಯನಿಗೆ ಕಾಫಿ ನಿರಾಕರಿಸಿದ್ದು ಅವಳ ಪಾಲಿಗೆ ತಪ್ಪೇ ಅಲ್ಲ. ಗುರುತು ಹಿಡಿಯದೆ ಹೋದದ್ದಷ್ಟೆ ತಪ್ಪು.

ಆ ಆಗಸ್ಟಿನಲ್ಲಿ ಬಾಲ್ಟಿಮೋರಿನ ಕಪ್ಪುಜನರ ಪತ್ರಿಕೆಯೊಂದು ಇದನ್ನು ಪರೀಕ್ಷೆಗೆ ಒಡ್ಡಿತು. ಅದರ ಮೂವರು ವರದಿಗಾರರು ಆಫ್ರಿಕಾದ ರಾಜತಾಂತ್ರಿಕರ ವೇಷ ತೊಟ್ಟು, ಭೂಪಟದಲ್ಲೇ ಇಲ್ಲದ ‘ಗೋಬಾನ್’ ಎಂಬ ದೇಶದ ಸಚಿವಪರಿವಾರವೆಂದು ಹೇಳಿಕೊಂಡು, ಬಾಡಿಗೆಯ ದೊಡ್ಡ ಕಾರಿನಲ್ಲಿ ಅದೇ ಹೆದ್ದಾರಿಗೆ ಹೊರಟರು. ಹುಟ್ಟಿ ಬೆಳೆದ ಊರಿನ ಪಕ್ಕದಲ್ಲೇ ತಮ್ಮ ದಿನನಿತ್ಯದ ಉಡುಪಿನಲ್ಲಿ ಒಂದು ಲೋಟ ನೀರೂ ಸಿಗದವರಿಗೆ, ಇಲ್ಲದ ದೇಶದ ಹೆಸರಿನಲ್ಲಿ ಮರ್ಯಾದೆಯ ಊಟ ಬಡಿಸಿದ ಹೋಟೆಲುಗಳಿದ್ದವು. ಓದಿ ನಗು ಬರುತ್ತದೆ, ಮರುಕ್ಷಣ ನಗಲು ಮನಸ್ಸಾಗುವುದಿಲ್ಲ.

ಹೆಸರು ಕೆಡುತ್ತದೆಂಬ ಭಯ ನಮ್ಮನ್ನು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದು ಇಲ್ಲಿ ಕಾಣುತ್ತದೆ. ಆ ಭಯಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಲಜ್ಜೆಯೂ ಒಂದು ಗುಣವೇ. ಆ ಒತ್ತಡವಿಲ್ಲದಿದ್ದರೆ 1952ರ ಸರ್ಕಾರಿ ನಿವೇದನೆಗೆ ಅಷ್ಟು ತೂಕ ಬರುತ್ತಿರಲಿಲ್ಲ, 1963ರ ಮೇರಿಲ್ಯಾಂಡ್ ಕಾನೂನೂ ಅಷ್ಟು ಬೇಗ ಬರುತ್ತಿರಲಿಲ್ಲವೇನೊ. ಆದರೆ ಆ ಕಾನೂನು ಮೊದಲಿಗೆ ರಾಜ್ಯದ ಹಲವು ಕೌಂಟಿಗಳನ್ನು ಹೊರಗೇ ಬಿಟ್ಟಿತ್ತು. ಪರದೇಶದವನ ಕಣ್ಣು ಬೀಳುವ ಜಾಗವನ್ನು ಗುಡಿಸಿ, ಬೀಳದ ಮೂಲೆಯನ್ನು ಇದ್ದಂತೆಯೇ ಇರಿಸುವುದು ಈ ಭಯದ ಸ್ವಭಾವ. ಆ ಮೂಲೆಗಳಿಗೂ ಕಾನೂನು ಮುಟ್ಟಿದ್ದು 1964ರ ಜುಲೈಯಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ನಾಗರಿಕ ಹಕ್ಕುಗಳ ಕಾಯಿದೆ ಬಂದಾಗ. ಅದರ ಹಿಂದೆ ಇದ್ದುದು ಮುಖ್ಯವಾಗಿ ಆ ದೇಶದ ಕಪ್ಪುಜನರೇ ಬೀದಿಗಿಳಿದು, ಪೆಟ್ಟು ತಿಂದು, ಸೆರೆಮನೆ ಕಂಡು ನಡೆಸಿದ ಹೋರಾಟ. ನಮ್ಮ ಅವಮಾನ ತಪ್ಪು ಏಕೆಂದರೆ ನಾವು ಮನುಷ್ಯರು ಎಂದು ಅವರು ಹೇಳಿದರು, ಘಾನಾದವರು ನೋಡುತ್ತಿದ್ದಾರೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ.

ಇದು ದೂರದ ಕಥೆಯೆಂದು ಪುಟ ಮಗುಚುವಂತಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಸತ್ತರು. ಸುಮಾರು ಅರ್ಧ ಗಂಟೆಯ ಬಳಿಕ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳ ಬಟ್ಟೆ ಹರಿಯಿತು, ಕಾರು ಸುಟ್ಟುಹೋಯಿತು. ಅಪಘಾತಕ್ಕೂ ಅವಳಿಗೂ ಇದ್ದ ಸಂಬಂಧ ಮೈಬಣ್ಣವೊಂದೇ. ಸುಡಾನಿಗೂ ತಾಂಜಾನಿಯಕ್ಕೂ ನಡುವೆ ಬೇರೆ ದೇಶಗಳಿವೆಯೆಂಬುದು ಗುಂಪಿಗೆ ಬೇಕಾಗಿರಲಿಲ್ಲ. ತಾಂಜಾನಿಯದ ಹೈಕಮಿಷನರ್ ದೆಹಲಿಯಿಂದ ಬೆಂಗಳೂರಿಗೆ ಬರಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯ ವಸಂತಕುಂಜದಲ್ಲಿ ಆಟೋರಿಕ್ಷಾದ ಜಗಳದಲ್ಲಿ ಕಾಂಗೋ ದೇಶದ ಯುವಕನೊಬ್ಬನನ್ನು ಹೊಡೆದು ಕೊಂದರು. ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ, ದೆಹಲಿಯಲ್ಲಿ ನಡೆಯಬೇಕಿದ್ದ ಆಫ್ರಿಕಾ ದಿನಾಚರಣೆಯನ್ನು ಮುಂದೂಡುವಂತೆ ಕೇಳಿದರು. ಕೆಲವೇ ದಿನಗಳಲ್ಲಿ ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ಭಾರತೀಯರ ಅಂಗಡಿಗಳ ಮೇಲೆ ದಾಳಿ ನಡೆಯಿತು.

ಕಿನ್ಶಾಸಾದ ಆ ಅಂಗಡಿಯವರು ವಸಂತಕುಂಜದಲ್ಲಿ ಯಾರ ಮೇಲೂ ಕೈಯೆತ್ತಿದವರಲ್ಲ. ಹಾಗಾದರೆ ಅವರ ಮೇಲೆ ತಿರುಗಿದ ರೋಷ ನ್ಯಾಯವೆ? ಖಂಡಿತ ಅಲ್ಲ. ಒಬ್ಬನನ್ನು ಅವನ ಬಣ್ಣದವರೆಲ್ಲರ ಪ್ರತಿನಿಧಿಯಾಗಿ ಹಿಡಿದು ದಂಡಿಸುವ ಯಾವ ಬುದ್ಧಿ ಹೆಸರಘಟ್ಟದಲ್ಲಿ ಕೆಲಸಮಾಡಿತೊ ಅದೇ ಬುದ್ಧಿ ಕಿನ್ಶಾಸಾದಲ್ಲಿಯೂ ಕೆಲಸಮಾಡಿತು. ಮನೆಯ ತಾತ್ಸಾರ ಹೊರನಾಡಿನ ರೋಷವನ್ನು ಹುಟ್ಟಿಸುತ್ತದೆಯೆ ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇಲ್ಲಿದೆ. ಎರಡೂ ಬೇರೆಬೇರೆ ರೋಗಗಳಲ್ಲ. ತಾತ್ಸಾರವು ತನ್ನ ತರ್ಕವನ್ನೇ ಪರರಿಗೆ ಕಲಿಸಿಕೊಡುತ್ತದೆ, ಅವರು ಅದನ್ನು ಕೈಗೆ ಸಿಕ್ಕ ನಮ್ಮವರ ಮೇಲೆ ಪ್ರಯೋಗಿಸುತ್ತಾರೆ. ಜಾಮನಗರದ ಸೀಮೆಯಿಂದ ಕೀನ್ಯಾಕ್ಕೆ ಹೋದ ಓಸವಾಲ ಜೈನರು ನೈರೋಬಿ, ಮೊಂಬಾಸಾಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಾಳಿದ್ದಾರೆ, ಬಸದಿ ಕಟ್ಟಿದ್ದಾರೆ. ಅಲ್ಲಿಯ ನೆರೆಹೊರೆ ಅವರನ್ನು ಅವರವರ ನಡತೆಯಿಂದಲೇ ಅಳೆಯಲೆಂದು ನಾವು ಬಯಸುವುದು ಸಹಜ.

ಹೆಸರಘಟ್ಟದ ಪ್ರಕರಣದಲ್ಲಿ ರಾಜ್ಯದ ಆಗಿನ ಗೃಹಸಚಿವರು ಇದು ಜನಾಂಗದ್ವೇಷವಲ್ಲವೆಂದರು. 2017ರ ಮಾರ್ಚಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯದ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾದಾಗ ಆಫ್ರಿಕಾದ ರಾಯಭಾರಿಗಳು ಅದನ್ನು ಜನಾಂಗದ್ವೇಷವೆಂದೇ ಕರೆದರು. ಕೇಂದ್ರ ಸರ್ಕಾರ ಆ ಮಾತನ್ನು ಒಪ್ಪಲಿಲ್ಲ. ಕೋರ್ಟಿನಲ್ಲಿ ಯಾವ ಹೆಸರು ಸಲ್ಲುತ್ತದೊ ಕಾನೂನು ಬಲ್ಲವರು ಹೇಳಲಿ. ನಾವು ನೋಡಬೇಕಾದದ್ದು ಗುಂಪು ಸೇರುವುದಕ್ಕೆ ಎಷ್ಟೋ ಮೊದಲು ಮನೆಗಳಲ್ಲಿ ನಡೆಯುವುದನ್ನು. ಕುಲಮದ, ಜಾತಿಮದಗಳನ್ನು ಎಂಟು ಮದಗಳ ಸಾಲಿನಲ್ಲಿ ಎಳವೆಯಲ್ಲೇ ಬಾಯಿಪಾಠ ಮಾಡಿದವರ ಮನೆಯಲ್ಲೂ ಹೆಣ್ಣು ನೋಡುವಾಗ ಬಣ್ಣದ ಮಾತು ಮೊದಲು ಬರುತ್ತದೆ.

ಬಾಡಿಗೆಯ ಮನೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಮಾಂಸಾಹಾರಕ್ಕೆ ಎಡೆಯಿಲ್ಲವೆಂದು ಮನೆಯೊಡೆಯನು ಮೊದಲೇ ಹೇಳುವುದು ಒಂದು ನಿಯಮ. ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಆಫ್ರಿಕಾದ ವಿದ್ಯಾರ್ಥಿಗೆ ಬಾಗಿಲಲ್ಲೇ ಹೇಳಿದ ಆ ನಿಯಮ ಯೂರೋಪಿನ ಎಂಜಿನಿಯರ್ ಬಂದಾಗ ಮೆಲ್ಲನೆ ಸಡಿಲವಾದರೆ, ಅಲ್ಲಿ ಕೆಲಸಮಾಡಿದ್ದು ಆಹಾರದ ನಿಯಮವಲ್ಲ. ನಿಯಮವನ್ನು ಪಾಲಿಸುತ್ತೇನೆಂದು ಒಪ್ಪಿ ಬಂದ ಆ ವಿದ್ಯಾರ್ಥಿಗೆ ಆಮೇಲೆ ಇನ್ನೊಂದು ನೆಪ ಹುಡುಕಬೇಕಾಗಿ ಬಂದರಂತೂ ಹೇಳುವುದೇ ಬೇಡ. ಧರ್ಮಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳಲ್ಲಿ ಕೊಠಡಿ ಕೊಟ್ಟವರ ಹೆಸರನ್ನು ಬರೆದಿಡುವ ಪದ್ಧತಿಯಿದೆ. ಕೊಡದೆ ಕಳುಹಿಸಿದವರ ಹೆಸರನ್ನು, ಕಾರಣದೊಡನೆ, ಒಂದು ವರ್ಷ ಬರೆದಿಟ್ಟು ವಾರ್ಷಿಕ ಸಭೆಯಲ್ಲಿ ಓದಿಸಿದರೆ ಖರ್ಚೇನೂ ಇಲ್ಲ.