ಮಾರುವವನು ಹೇಳದೆ ಬಿಟ್ಟ ಮಾತು

ಹಳೆಯ ಟ್ರ್ಯಾಕ್ಟರಿನಂತೆ ಹಳೆಯ ವಿಮಾನವೂ ಮಾರಾಟಕ್ಕೆ ಬರುತ್ತದೆ ಎಂದರೆ ನಮ್ಮಲ್ಲಿ ಹಲವರಿಗೆ ಆಶ್ಚರ್ಯವಾದೀತು. ಉದ್ಯಮಿ ವಿಜಯ್ ಮಲ್ಯ ಬಳಸುತ್ತಿದ್ದ ಏರ್‌ಬಸ್ ವಿಮಾನವನ್ನು ಸೇವಾ ತೆರಿಗೆ ಇಲಾಖೆ 2013ರಲ್ಲಿ ಜಪ್ತಿ ಮಾಡಿತು. ಹಲವು ಹರಾಜುಗಳು ಫಲಿಸದೆ, ಕೊನೆಗೆ 2018ರಲ್ಲಿ ಅದು ಸುಮಾರು 35 ಕೋಟಿ ರೂಪಾಯಿಗೆ ಹೋಯಿತು. ಅದು ದೊಡ್ಡ ವಿಮಾನ. ಆರೇಳು ಜನ ಕೂರುವ ಚಿಕ್ಕ ಜೆಟ್‌ಗಳೂ ಕೈಯಿಂದ ಕೈಗೆ ಹೋಗುತ್ತವೆ. 1969ರಲ್ಲಿ ಮೊದಲು ಹಾರಿದ ಅಮೆರಿಕದ ಸೆಸ್ನಾ ಸೈಟೇಶನ್ ಅಂಥದೊಂದು.

ಇಂಥ ಜೆಟ್ಟನ್ನು ಕೊಳ್ಳುವ ಜಾಣನು ಹೊಳೆಯುವ ಬಣ್ಣಕ್ಕೂ ಚರ್ಮದ ಕುರ್ಚಿಗಳಿಗೂ ಮರುಳಾಗುವುದಿಲ್ಲ. ಅವನು ಮೊದಲು ಕೇಳುವುದು ಲಾಗ್ ಪುಸ್ತಕವನ್ನು. ಎಂಜಿನ್ ಎಷ್ಟು ಗಂಟೆ ಓಡಿದೆ, ವಿಮಾನ ಎಷ್ಟು ಸಲ ಇಳಿದಿದೆ, ಯಾವ ಭಾಗ ಎಂದು ಬದಲಾಯಿತು ಎಂಬುದೆಲ್ಲ ಅದರಲ್ಲಿರಬೇಕು. ಹಳೆಯ ಜೆಟ್‌ನ ಎರಡೂ ಎಂಜಿನ್‌ಗಳನ್ನು ಬಿಚ್ಚಿ ದುರಸ್ತಿ ಮಾಡುವ ಖರ್ಚು ಕೆಲವೊಮ್ಮೆ ವಿಮಾನದ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಪುಟಗಳು ಕಳೆದಿದ್ದರೆ ಬೆಲೆ ಕುಸಿಯುತ್ತದೆ.

ಈಗ ಪ್ರಶ್ನೆ: ದೋಷವನ್ನು ಬಲ್ಲ ಮಾರಾಟಗಾರ, ಕೊಳ್ಳುವವನು ಕೇಳದಿದ್ದರೂ ಅದನ್ನು ಹೇಳಬೇಕೆ? "ನೋಡಿ ಕೊಳ್ಳುವುದು ಅವನ ಕೆಲಸ" ಎನ್ನುತ್ತದೆ ಲೋಕ. 13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಇದನ್ನೇ ವಿಚಾರಿಸಿದರು. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎಲ್ಲರಿಗೂ ಕಾಣುತ್ತದೆ; ಬೆಲೆಯನ್ನು ತಕ್ಕಷ್ಟು ಇಳಿಸಿದರೆ ಸಾಕು, ಸಾರಬೇಕಿಲ್ಲ. ಆದರೆ ಮರೆಯಲ್ಲಿರುವ ದೋಷದಿಂದ ನಷ್ಟವೋ ಅಪಾಯವೋ ಆಗುವುದಾದರೆ ಹೇಳಲೇಬೇಕು ಎಂದರು.

"ನಾನೂ ಬೆಲೆ ಇಳಿಸಿದ್ದೇನಲ್ಲ" ಎಂದು ಒಬ್ಬರು ಕೇಳಬಹುದು. ನಿಪ್ಪಾಣಿಯ ತಂಬಾಕಿನ ಮೂಟೆಯೊಳಗೆ ಕೀಳು ಎಲೆ ಸೇರಿದ್ದರೆ ಆಗುವುದು ಹಣದ ನಷ್ಟ. ಅದನ್ನು ಹಣದಿಂದ ತುಂಬಬಹುದು. ಅಪಾಯವನ್ನು ಹಾಗೆ ತುಂಬಲಾಗದು. ಸೀಳು ಬಿಟ್ಟ ಎಂಜಿನ್ನಿನ ಜೆಟ್ ಅಗ್ಗಕ್ಕೆ ಸಿಕ್ಕರೆ ಲಾಭ ಕೊಂಡವನಿಗೆ. ಅದನ್ನು ಹಾರಿಸುವ ಪೈಲಟ್ ಆ ಚೌಕಾಸಿಯಲ್ಲಿ ಇರಲೇ ಇಲ್ಲ. ಅವನ ಪ್ರಾಣಕ್ಕೆ ರಿಯಾಯಿತಿ ಕೊಡುವ ಅಧಿಕಾರ ಯಾರಿಗಿದೆ?

ಈ ಮಾತು ಜೆಟ್ಟಿಗಷ್ಟೇ ಅಲ್ಲ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಕಾರ್ಖಾನೆಗೆ ಹೋಗುತ್ತವೆ. ಹಿಡಿಯದ ಬ್ರೇಕನ್ನು ಮುಚ್ಚಿಟ್ಟು ಟ್ರ್ಯಾಕ್ಟರ್ ಮಾರಿದರೆ, ಬಲಿಯಾಗುವವನು ಸಂಬಳದ ಚಾಲಕನೋ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಗುವೋ ಆಗಬಹುದು. ಅಂಥ ಮೌನವು ಏಳನೆಯ ಮತ್ತು ಎಂಟನೆಯ ಕಟ್ಟಳೆಗಳನ್ನು ಮುರಿದು, ಕೊಲ್ಲಬೇಡವೆಂಬ ಐದನೆಯದರ ಬಾಗಿಲಿಗೇ ಬಂದು ನಿಲ್ಲುತ್ತದೆ.

"ಇದ್ದ ಸ್ಥಿತಿಯಲ್ಲಿ ಮಾರಿದ್ದೇನೆ" ಎಂಬ ಬರಹ ಕೋರ್ಟಿನಲ್ಲಿ ಕಾಪಾಡಬಹುದು. ಮನಸ್ಸಾಕ್ಷಿಯ ಮುಂದೆ ಅದು ನಿಲ್ಲದು. ಪಾಪನಿವೇದನೆ ಮಾಡಿದರೂ ಪರಿಹಾರ ಕೊಡುವ ಕರ್ತವ್ಯ ಉಳಿದೇ ಇರುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಈಗಾಗಲೇ ಮಾರಿದ್ದರೆ ಇಂದೇ ಹೋಗಿ ಹೇಳಿ. ದುರಸ್ತಿಯ ಖರ್ಚನ್ನು ನೀವೇ ಭರಿಸಿ. ಕೆಲವು ಸಾವಿರ ರೂಪಾಯಿ ಕೈಬಿಡಬಹುದು. ಆದರೆ ನಿಮ್ಮ ಪಕ್ಕದಲ್ಲಿ ನಿಂತು ವ್ಯವಹಾರ ನೋಡುವ ಮಗ, ಅಪ್ಪನ ಮಾತನ್ನು ನಂಬಬಹುದೆಂದು ಅಂದು ಕಲಿಯುತ್ತಾನೆ.